ಒಂದು ಇಂಜಿನ್ ಹೋದ್ರೂ ಪೈಲಟ್ ಯಾಕೆ ಸುತ್ತಾಡಿಸ್ತಾರೆ, ಎರಡೂ ಹೋದ್ರೆ ಏನ್ ಮಾಡ್ತಾರೆ?

ಪ್ರಶ್ನೆ: ಸರ್, ನಾನು ದಾವಣಗೆರೆಯವಳು, ಬ್ಯಾಂಕಲ್ಲಿ ಕೆಲಸ. ಹೋದ ವರ್ಷ ನಾನು, ನಮ್ಮನೆಯವರು, ಅತ್ತೆ ಬೆಂಗಳೂರಿಂದ ದೆಹಲಿಗೆ ಹೊರಟಿದ್ವಿ. ಟೇಕಾಫ್ ಆಗಿ ಸ್ವಲ್ಪ ಹೊತ್ತಿಗೇ ಎಡಗಡೆ ಢಬ್ ಅಂತ ದೊಡ್ಡ ಸದ್ದು ಬಂತು, ಸೀಟೆಲ್ಲ ನಡುಗೋಕೆ ಶುರುವಾಯ್ತು, ಏನೋ ಸುಟ್ಟ ವಾಸನೆ ಬೇರೆ. ಕ್ಯಾಪ್ಟನ್ "ತಾಂತ್ರಿಕ ಕಾರಣದಿಂದ ವಾಪಸ್ ಹೋಗ್ತಿದ್ದೀವಿ" ಅಂತ ಒಂದು ಮಾತು ಹೇಳಿ ಸುಮ್ಮನಾದ್ರು. ಆದ್ರೆ ತಕ್ಷಣ ಇಳಿಸ್ಲಿಲ್ಲ, ಹತ್ತಿರ ಹತ್ತಿರ ಮುಕ್ಕಾಲು ಗಂಟೆ ಸುತ್ತಿಸಿದ್ರು, ನಂಗೆ ಕಿಟಕಿಯಿಂದ ಏರ್‌ಪೋರ್ಟ್ ಎರಡು ಸಲ ಕಾಣಿಸ್ತು. ಅತ್ತೆ ವಿಷ್ಣುಸಹಸ್ರನಾಮ ಹೇಳ್ತಾ ನನ್ನ ಕೈ ಹಿಡ್ಕೊಂಡೇ ಇದ್ರು. ಕೊನೆಗೆ ಇಳಿದ್ವಿ, ಪಕ್ಕದಲ್ಲಿ ಫೈರ್ ಇಂಜಿನ್‌ಗಳು ಓಡ್ತಾ ಇದ್ವು. ಪೆಟ್ರೋಲ್ ಖಾಲಿ ಮಾಡಿ ಇಳಿಸಿದ್ರೆ ಕಂಪನಿಗೆ ರಿಪೇರಿ ಖರ್ಚು ಉಳಿಯುತ್ತೆ, ಅದಕ್ಕೇ ಸುತ್ತಿಸಿದ್ದು ಅಂತ ನಮ್ಮನೆಯವರು ಇವತ್ತಿಗೂ ಹೇಳ್ತಾರೆ. ಇದು ನಿಜಾನಾ? ಎರಡೂ ಇಂಜಿನ್ ನಿಂತ್ರೆ ಕಲ್ಲಿನ ಥರ ಬೀಳುತ್ತೆ ಅಂತಾರಲ್ಲ, ಅದು? ನ್ಯೂಯಾರ್ಕಲ್ಲಿ ನದಿ ಮೇಲೆ ಇಳಿಸಿದ್ರಲ್ಲ, ಏರ್‌ಪೋರ್ಟ್ ಅಷ್ಟು ಹತ್ತಿರ ಇದ್ರೂ ಯಾಕೆ ಹೋಗ್ಲಿಲ್ಲ? ಹೈವೇ ಮೇಲೆ ಇಳಿಸೋಕೆ ಆಗಲ್ವಾ? ಅಹಮದಾಬಾದ್ ಆದ್ಮೇಲಂತೂ ಫ್ಲೈಟ್ ಅಂದ್ರೇನೇ ನಿದ್ದೆ ಬರಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ನಂಗೆ ಭಯಕ್ಕಿಂತ ಸಿಟ್ಟೇ ಜಾಸ್ತಿ ಕಾಣಿಸ್ತು ಮೇಡಂ, ಅದು ಸಹಜ ಕೂಡ, ಏರ್‌ಪೋರ್ಟ್ ಕಣ್ಣಿಗೆ ಕಾಣ್ತಾ ಇದೆ, ಆದ್ರೂ ಇಳಿಸ್ತಿಲ್ಲ ಅಂದ್ರೆ ಯಾರಿಗಾದ್ರೂ ಮೈ ಉರಿಯುತ್ತೆ. ನಾನು ಏರ್‌ಲೈನ್ ಕ್ಯಾಪ್ಟನ್ ಆಗಿದ್ದು ರಿಟೈರ್ ಆದವನು, ಕೊನೆ ಕೆಲವು ವರ್ಷ ಸಿಮ್ಯುಲೇಟರಲ್ಲಿ (ನೆಲದ ಮೇಲೇ ಹಾರಾಟ ಅಭ್ಯಾಸ ಮಾಡಿಸೋ ಯಂತ್ರ) ಹುಡುಗರಿಗೆ ಇಂಥದ್ದನ್ನೇ ಕಲಿಸ್ತಿದ್ದೆ. ನಿಮ್ಮ ಫ್ಲೈಟ್‌ನ ಡೇಟಾ ನನ್ನ ಹತ್ರ ಇಲ್ಲ, ಆದ್ರೆ ನೀವು ಹೇಳಿದ ಲಕ್ಷಣಗಳು ನಮ್ಮವರಿಗೆಲ್ಲ ಚೆನ್ನಾಗಿ ಗೊತ್ತಿರೋವೇ. ಆ ಢಬ್ ಅನ್ನೋ ಸದ್ದು ಇಂಜಿನ್ ಒಳಗೆ ಗಾಳಿಯ ಹರಿವು ಕೆಟ್ಟು ಎದುರು ದಿಕ್ಕಿಗೆ ಸಿಡಿದಾಗ ಬರುತ್ತೆ. ನಡುಕ ಯಾಕಂದ್ರೆ ಏಟು ತಿಂದ ಫ್ಯಾನು ಬ್ಯಾಲೆನ್ಸ್ ತಪ್ಪಿರುತ್ತೆ, ಇಂಜಿನ್ ಆಫ್ ಮಾಡಿದ್ರೂ ಎದುರು ಗಾಳಿಗೆ ಅದು ತಿರುಗ್ತಾನೇ ಇರುತ್ತೆ, ಹಾಗಾಗಿ ನಡುಕ ಪೂರ್ತಿ ನಿಲ್ಲಲ್ಲ. ವಾಸನೆಗೂ ಕಾರಣ ಇದೆ, ಹೆಚ್ಚಿನ ವಿಮಾನಗಳಲ್ಲಿ ಕ್ಯಾಬಿನ್‌ನ ಎಸಿ ಗಾಳಿ ಇಂಜಿನ್‌ನಿಂದಲೇ ಬರೋದು, ಒಳಗೆ ಆಯಿಲ್ಲೋ ಹಕ್ಕಿಯೋ ಸುಟ್ರೆ ನಿಮ್ಮ ಮೂಗಿಗೆ ನೇರ ಬಂದುಬಿಡುತ್ತೆ.

ಒಂದು ಇಂಜಿನ್ ಹೋಯ್ತು ಅಂದ ತಕ್ಷಣ ಪೈಲಟ್ ತಲೇಲಿ ಬರೋ ಮೊದಲ ಪ್ರಶ್ನೆ ಎಲ್ಲಿ ಇಳಿಸ್ಲಿ ಅನ್ನೋದಲ್ಲ, ನನ್ನ ಹತ್ರ ಎಷ್ಟು ಟೈಮ್ ಇದೆ ಅನ್ನೋದು. ಉಳಿದ ಎಲ್ಲ ತೀರ್ಮಾನ ಇದರ ಮೇಲೇ ನಿಂತಿರುತ್ತೆ. ಬೆಂಕಿ ಆರ್ತಿಲ್ಲ, ಕ್ಯಾಬಿನ್ ಒಳಗೆ ಹೊಗೆ ತುಂಬ್ತಿದೆ, ಎರಡೂ ಇಂಜಿನ್ ಹೋಗಿದೆ, ಇಂಥದ್ರಲ್ಲಿ ಟೈಮ್ ಇಲ್ಲ, ಆಗ ಚೆಕ್‌ಲಿಸ್ಟ್ ಅರ್ಧಕ್ಕೇ ಬಿಟ್ಟು, ತೂಕದ ಲೆಕ್ಕಾನೂ ಬಿಟ್ಟು ಇಳಿಸೋದೇ. ಆದ್ರೆ ಒಂದು ಇಂಜಿನ್ ಸುಮ್ಮನೆ ನಿಂತಿದೆ, ಇನ್ನೊಂದು ಸರಿಯಾಗಿ ಓಡ್ತಿದೆ, ಬೆಂಕಿ ಇಲ್ಲ ಅಂದ್ರೆ ಟೈಮ್ ಇದೆ. ಎರಡು ಇಂಜಿನ್ ವಿಮಾನಕ್ಕೆ ಸರ್ಟಿಫಿಕೇಟ್ ಕೊಡೋದೇ, ರನ್‌ವೇಲಿ ಇನ್ನು ನಿಲ್ಲಿಸೋಕಾಗದ ಸ್ಪೀಡ್ ದಾಟಿದ ಮೇಲೆ ಒಂದು ಹೋದ್ರೂ ಇನ್ನೊಂದರಲ್ಲೇ ಏರುತ್ತೆ ಅಂತ ತೋರಿಸಿದ ಮೇಲೆ, ಗೇರ್ ಅಂದ್ರೆ ಚಕ್ರಗಳು ಒಳಗೆ ಹೋದ ಮೇಲೆ ಕನಿಷ್ಠ 2.4 ಪರ್ಸೆಂಟ್ (100 ಮೀಟರ್ ಮುಂದೆ ಹೋದ್ರೆ 2.4 ಮೀಟರ್ ಮೇಲೆ) ಏರಲೇಬೇಕು ಅಂತ ನಿಯಮ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ, ಮಧ್ಯಾಹ್ನದ ಬಿಸಿಲಲ್ಲಿ ಗಾಳಿ ಇನ್ನೂ ತೆಳು, ಅದನ್ನೆಲ್ಲ ಸೇರಿಸಿ ಲೆಕ್ಕ ಹಾಕಿಯೇ ಅವತ್ತು ಎಷ್ಟು ತೂಕ ತಗೊಂಡು ಹೊರಡಬಹುದು ಅಂತ ನಿರ್ಧಾರ ಮಾಡಿರ್ತಾರೆ. ಅಂದ್ರೆ ನೀವು ಸುತ್ತುತ್ತಿದ್ದ ಆ ಮುಕ್ಕಾಲು ಗಂಟೆ ವಿಮಾನ ಸಾಯ್ತಾ ಇರಲಿಲ್ಲ, ಹಾರ್ತಾ ಇತ್ತು.

ಹಂಗಾದ್ರೆ ಟೈಮ್ ಇದೆ ಅಂತ ಯಾಕೆ ಟೈಮ್ ತಗೋಬೇಕು, ಬೇಗ ಇಳಿಸಿದ್ರೆ ಒಳ್ಳೇದಲ್ವಾ ಅಂತ ಕೇಳ್ತೀರ. ಆತುರ ಮಾಡಿದ್ರೆ ಏನಾಗುತ್ತೆ ಅಂತ 2015ರ ಫೆಬ್ರವರಿ 4ರಂದು ತೈಪೆಯಲ್ಲಿ ನೋಡಿದ್ವಿ. ಟ್ರಾನ್ಸ್‌ಏಷ್ಯಾ 235, ಎಟಿಆರ್ 72 ವಿಮಾನ, ಟೇಕಾಫ್ ಆದ ಕೂಡ್ಲೇ ಬಲಗಡೆ ಇಂಜಿನ್ ಶಕ್ತಿ ಕೊಡೋದು ನಿಲ್ಲಿಸ್ತು, ಕ್ಯಾಪ್ಟನ್ ಗಾಬರೀಲಿ ಸರಿಯಾಗಿ ಓಡ್ತಿದ್ದ ಎಡಗಡೆ ಇಂಜಿನ್ನಿನ ಲಿವರ್ ಎಳೆದು ಅದನ್ನೇ ಆಫ್ ಮಾಡಿಬಿಟ್ರು. ತಪ್ಪು ಗೊತ್ತಾಗೋ ಹೊತ್ತಿಗೆ ಎತ್ತರ ಉಳಿದಿರಲಿಲ್ಲ, ವಿಮಾನ ಒಂದು ಮೇಲ್ಸೇತುವೆಗೆ ರೆಕ್ಕೆ ತಾಗಿಸಿ ನದಿಗೆ ಬಿತ್ತು, 58 ಜನರಲ್ಲಿ 43 ಜನ ಹೋದ್ರು. 1989ರಲ್ಲಿ ಇಂಗ್ಲೆಂಡಿನ ಕೆಗ್‌ವರ್ತ್ ಹತ್ರ ಬ್ರಿಟಿಷ್ ಮಿಡ್‌ಲ್ಯಾಂಡ್ ಬೋಯಿಂಗ್ 737ರಲ್ಲೂ ಇದೇ ಕಥೆ, ಕೆಟ್ಟಿದ್ದು ಎಡ ಇಂಜಿನ್, ಆಫ್ ಮಾಡಿದ್ದು ಬಲದ್ದು, 47 ಜನ ತೀರಿಕೊಂಡ್ರು. ಈ ಎರಡರಲ್ಲೂ ಒಂದು ಇಂಜಿನ್ ಗಟ್ಟಿಮುಟ್ಟಾಗೇ ಇತ್ತು, ಅದೇ ಹೊಟ್ಟೆ ಉರಿಯೋ ವಿಷಯ.

ಅದಕ್ಕೇ ಏರ್‌ಬಸ್ ಎ320 ಥರದ ವಿಮಾನದಲ್ಲಿ ನಮಗೆ ಕಲಿಸೋದು, ಟೇಕಾಫಲ್ಲಿ ಇಂಜಿನ್ ಹೋದ್ರೆ ನೆಲದಿಂದ 400 ಅಡಿ ಏರೋವರೆಗೂ ಗೇರ್ ಮೇಲೆತ್ತಿ, ವಾರ್ನಿಂಗ್ ಸದ್ದು ನಿಲ್ಲಿಸಿ, ವಿಮಾನ ನೇರ ಹಿಡ್ಕೊಳ್ಳಿ, ಇಂಜಿನ್ ತಂಟೆಗೆ ಹೋಗ್ಬೇಡಿ ಅಂತ. ಆಮೇಲೆ ಒಬ್ರು ವಿಮಾನ ಹಾರಿಸ್ತಾರೆ, ಇನ್ನೊಬ್ರು ಸ್ಕ್ರೀನ್ ಮೇಲೆ ಬಂದ ಸಾಲುಗಳನ್ನ ಜೋರಾಗಿ ಓದ್ತಾರೆ. ಇಂಜಿನ್ ಆಫ್ ಮಾಡೋ ಮಾಸ್ಟರ್ ಸ್ವಿಚ್ ಬಂದಾಗ ಓದ್ತಿರೋರು ಸ್ವಿಚ್ ಮೇಲೆ ಬೆರಳಿಟ್ಟು "ಮಾಸ್ಟರ್ ಒನ್, ಕನ್ಫರ್ಮ್?" ಅಂತಾರೆ, ಹಾರಿಸ್ತಿರೋರು ಕಣ್ಣು ತಿರುಗಿಸಿ ಬೆರಳು ಯಾವ ಸ್ವಿಚ್ ಮೇಲಿದೆ ಅಂತ ನೋಡಿ "ಕನ್ಫರ್ಮ್" ಅಂದ ಮೇಲೇ ಅದು ಅಲುಗೋದು. ಸಿಮ್ಯುಲೇಟರಲ್ಲಿ ನೋಡದೇ ಬಾಯಿಪಾಠದ ಥರ "ಕನ್ಫರ್ಮ್" ಅಂದವರನ್ನ ನಾನು ಅಲ್ಲೇ ನಿಲ್ಲಿಸಿ ಮತ್ತೆ ಮೊದಲಿಂದ ಮಾಡಿಸ್ತಿದ್ದೆ, ನನ್ನ ಮೇಲೆ ಬೈಕೊಳ್ತಿದ್ರು, ಬೈಕೊಳ್ಳಲಿ.

ಇದಾದ ಮೇಲೆ ಎಟಿಸಿಗೆ (ನೆಲದಿಂದ ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲ್‌ನವರು) ಹೇಳ್ಬೇಕು, ಕ್ಯಾಬಿನ್ ಸಿಬ್ಬಂದಿಗೆ ಏನಾಗಿದೆ, ಎಷ್ಟು ಟೈಮ್ ಇದೆ, ಜನರನ್ನ ತುರ್ತಾಗಿ ಇಳಿಸ್ಬೇಕಾಗುತ್ತಾ ಅಂತ ಹೇಳ್ಬೇಕು, ಒಂದೇ ಇಂಜಿನ್ನಲ್ಲಿ ಈ ತೂಕಕ್ಕೆ ಎಷ್ಟು ರನ್‌ವೇ ಬೇಕು, ರೆಕ್ಕೆ ಹಿಂದಿನ ಫ್ಲ್ಯಾಪ್ ಪಟ್ಟಿಗಳನ್ನ ಎಷ್ಟು ಇಳಿಸ್ಬೇಕು ಅಂತ ಲೆಕ್ಕ ಮಾಡ್ಬೇಕು, ಅಕಸ್ಮಾತ್ ಇಳಿಸೋಕಾಗದೆ ಮತ್ತೆ ಮೇಲೆ ಹೋಗ್ಬೇಕಾದ್ರೆ ಒಂದೇ ಇಂಜಿನ್ನಲ್ಲಿ ಯಾವ ಕಡೆ ಏರೋದು ಅಂತ ಮಾತಾಡ್ಕೋಬೇಕು. ಮುಕ್ಕಾಲು ಗಂಟೆ ಹಿಡಿಯೋದೇನೂ ಆಶ್ಚರ್ಯ ಅಲ್ಲ.

ಇದಕ್ಕೆ ದೊಡ್ಡ ಉದಾಹರಣೆ ಬೇಕಂದ್ರೆ ಕ್ವಾಂಟಾಸ್ 32. 2010ರ ನವೆಂಬರ್ 4, ಸಿಂಗಪುರದಿಂದ ಸಿಡ್ನಿಗೆ ಹೊರಟ, ನಾಲ್ಕು ಇಂಜಿನ್ ಇರೋ ಎ380, ಒಳಗೆ 469 ಜನ. ಎರಡನೇ ನಂಬರ್ ಇಂಜಿನ್ ಒಳಗಿನ ಟರ್ಬೈನ್ ಡಿಸ್ಕ್ ಒಡೆದು ಚೂರುಗಳು ರೆಕ್ಕೆ ತೂರ್ಕೊಂಡು ಹೋದ್ವು, ವೈರುಗಳು ಕಟ್ಟಾದ್ವು, ಇಂಧನ ಸೋರ್ತಾ ಇತ್ತು, ಸ್ಕ್ರೀನ್ ಮೇಲೆ ಒಂದರ ಹಿಂದೊಂದು ವಾರ್ನಿಂಗ್. ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ, ಅವತ್ತು ಕಾಕ್‌ಪಿಟ್ಟಲ್ಲಿ ಒಟ್ಟು ಐದು ಪೈಲಟ್‌ಗಳಿದ್ರು, ಎಲ್ಲ ಸೇರಿ ಸುಮಾರು 50 ನಿಮಿಷ ಸುತ್ತು ಹೊಡೀತಾ ಏನು ಉಳಿದಿದೆ ಏನು ಹೋಗಿದೆ ಅಂತ ಒಂದೊಂದೇ ನೋಡಿದ್ರು. ಲ್ಯಾಂಡಿಂಗ್ ಲೆಕ್ಕ ಮೊದಲ ಸಲ ಹಾಕಿದಾಗ ಕಂಪ್ಯೂಟರ್ ಉತ್ತರವನ್ನೇ ಕೊಡ್ಲಿಲ್ಲ, ಮತ್ತೆ ಹಾಕಿದಾಗ 4 ಕಿಲೋಮೀಟರ್ ರನ್‌ವೇಲಿ ಸುಮಾರು 100 ಮೀಟರ್ ಉಳಿಯುತ್ತೆ ಅಂತ ಬಂತು. ಆತುರಪಟ್ಟು ಇಳಿಸೋಕೆ ಹೋಗಿದ್ರೆ ಬ್ರೇಕು, ಫ್ಲ್ಯಾಪು ಎಷ್ಟು ಕೆಲಸ ಮಾಡುತ್ತೆ ಅಂತಾನೇ ಗೊತ್ತಿಲ್ಲದೆ ರನ್‌ವೇಗೆ ಬರ್ತಿದ್ರು. ಇಳಿದ ಮೇಲೂ ಒಂದು ಇಂಜಿನ್ ಆಫ್ ಆಗ್ಲೇ ಇಲ್ಲ, ಮೂರು ಗಂಟೆ ಓಡ್ತಾನೇ ಇತ್ತು, ಬ್ರೇಕುಗಳು ಕಾದು ಕೆಂಡ ಆಗಿದ್ವು, ಇಂಧನ ಸೋರ್ತಿತ್ತು, ಆದ್ರೂ ಬಾಗಿಲಿಂದ ತುರ್ತು ಜಾರುಬಂಡಿ (ಸ್ಲೈಡ್) ಹಾಕಿ ಜನರನ್ನ ಹೊರಗೆ ನೂಕೋದಕ್ಕಿಂತ ಒಳಗೆ ಕೂರಿಸೋದೇ ಮೇಲು ಅಂತ ತೀರ್ಮಾನ ಮಾಡಿದ್ರು. ಒಬ್ರಿಗೂ ಏನೂ ಆಗ್ಲಿಲ್ಲ.

ಈಗ ನಿಮ್ಮ ಯಜಮಾನ್ರ ಮಾತಿಗೆ ಬರೋಣ. ಅರ್ಧ ಸರಿ, ಅರ್ಧ ತಪ್ಪು. ಎ320ಗೆ ಇಂಧನ ಗಾಳಿಗೆ ಚೆಲ್ಲೋ ವ್ಯವಸ್ಥೆ ಇಲ್ಲ (ದೊಡ್ಡ ವಿಮಾನಗಳಲ್ಲಿ ಸಾಮಾನ್ಯವಾಗಿ ಇರುತ್ತೆ), ಟೇಕಾಫ್ ಆಗಬಹುದಾದ ತೂಕಕ್ಕಿಂತ ಇಳಿಯಬಹುದಾದ ತೂಕ ಕೆಲವು ಟನ್ ಕಡಿಮೆ ಇರುತ್ತೆ ಅನ್ನೋದೂ ನಿಜ. ಆದ್ರೆ ಈ ವಿಮಾನ ಗಂಟೆಗೆ ಸುಡೋದು ಸುಮಾರು ಎರಡೂವರೆ ಟನ್, ಮುಕ್ಕಾಲು ಗಂಟೇಲಿ ಎರಡು ಟನ್ನೂ ಆಗಲ್ಲ. ಅದರ ಮೇಲೆ, ತುರ್ತು ಇದ್ರೆ ಹೆಚ್ಚು ತೂಕದಲ್ಲೇ ಇಳಿಸಬಹುದು, ಮೆಲ್ಲಗೆ ಮುಟ್ಟಿಸಿ, ಆಮೇಲೆ ಇಂಜಿನಿಯರ್‌ಗಳು ಗೇರ್, ರೆಕ್ಕೆ ತಪಾಸಣೆ ಮಾಡ್ತಾರೆ, ಅಷ್ಟೇ. ಇಂಜಿನ್ನೇ ಹೋಗಿರೋವಾಗ ಆ ತಪಾಸಣೆ ಖರ್ಚು ಯಾವ ಲೆಕ್ಕ? ಆ ದುಡ್ಡಿನ ಚಿಂತೆ ಮಾಡ್ಕೊಂಡು ಸುತ್ತೋ ಕ್ಯಾಪ್ಟನ್ನನ್ನ ನಾನಂತೂ ನೋಡಿಲ್ಲ, ಯಾಕಂದ್ರೆ ಅವನೂ ಅದೇ ವಿಮಾನದಲ್ಲಿ ಕೂತಿರ್ತಾನಲ್ಲ.

ಕಲ್ಲಿನ ಥರ ಬೀಳೋದು. ಇದು ಪೂರ್ತಿ ಸುಳ್ಳು. ನೀವು ಇದುವರೆಗೆ ಮಾಡಿದ ಪ್ರತಿ ಪ್ರಯಾಣದಲ್ಲೂ ವಿಮಾನ ಮೇಲಿಂದ ಇಳಿಯೋವಾಗ ಬಹಳ ಹೊತ್ತು ಇಂಜಿನ್ ಐಡಲ್‌ನಲ್ಲೇ, ಅಂದ್ರೆ ತೀರಾ ಕಡಿಮೆ ಶಕ್ತೀಲೇ, ಇರುತ್ತೆ, ಹೆಚ್ಚುಕಡಿಮೆ ತೇಲ್ಕೊಂಡೇ ಬರ್ತೀರ, ಚಾರ್ಮಾಡಿ ಘಾಟೀಲಿ ಗಾಡಿ ಆಕ್ಸಿಲೇಟರ್ ಒತ್ತದೇನೇ ಇಳ್ಕೊಂಡು ಹೋಗುತ್ತಲ್ಲ, ಹಾಗೆ. ಎತ್ತರ ಖರ್ಚಾಗ್ತಾ ಹೋಗುತ್ತೆ, ಸ್ಪೀಡ್ ಉಳಿಯುತ್ತೆ. 35,000 ಅಡಿಯಲ್ಲಿ ಎರಡೂ ಇಂಜಿನ್ ನಿಂತ್ರೂ ಸುಮಾರು 150 ಕಿಲೋಮೀಟರ್ ತೇಲಬಹುದು, ಗಾಳಿ ಎದುರಿದ್ರೆ ಕಡಿಮೆ. ನಿಮ್ಮ ದಾವಣಗೆರೆ ಮೇಲೇ ನಿಂತ್ರೂ ಅಂದ್ಕೊಳ್ಳಿ, ಶಿವಮೊಗ್ಗ ರನ್‌ವೇ ಆರಾಮಾಗಿ ಸಿಗುತ್ತೆ, ಹುಬ್ಬಳ್ಳೀನೂ ಲೆಕ್ಕದೊಳಗೇ ಇದೆ. ಬರೀ ಲೆಕ್ಕ ಅಲ್ಲ, ಆಗಿರೋದೇ. 2001ರ ಆಗಸ್ಟ್ 24, ಏರ್ ಟ್ರಾನ್ಸಾಟ್ 236, ಟೊರೊಂಟೊದಿಂದ ಲಿಸ್ಬನ್‌ಗೆ ಹೋಗ್ತಿದ್ದ ಎ330, ಅಟ್ಲಾಂಟಿಕ್ ನಡುವೆ ಇಂಧನ ಸೋರಿ ಎರಡೂ ಇಂಜಿನ್ ನಿಂತ್ವು. ಕ್ಯಾಪ್ಟನ್ ರಾಬರ್ಟ್ ಪಿಶೇ ಸುಮಾರು 120 ಕಿಲೋಮೀಟರ್ ತೇಲಿಸ್ಕೊಂಡು ಅಜೋರ್ಸ್ ದ್ವೀಪದ ಲಾಜೆಸ್‌ಗೆ ತಂದ್ರು, ಎತ್ತರ ಜಾಸ್ತಿ ಉಳಿದುಹೋಗಿ ಒಂದು ಪೂರ್ತಿ ಸುತ್ತು ಹೊಡೆದು ಕಳೆಯಬೇಕಾಯ್ತು. 306 ಜನರೂ ಬದುಕಿದ್ರು. ಇಂಜಿನ್ ಇಲ್ಲದಾಗ ಕರೆಂಟ್ ಎಲ್ಲಿಂದ ಅಂದ್ರೆ ವಿಮಾನದ ಹೊಟ್ಟೆಯಿಂದ ಒಂದು ಪುಟ್ಟ ಗಾಳಿಚಕ್ರ ತಾನೇ ಹೊರಗೆ ಬರುತ್ತೆ, ಎದುರು ಗಾಳಿಗೆ ತಿರುಗಿ ಅಗತ್ಯದಷ್ಟು ಕರೆಂಟು, ಹೈಡ್ರಾಲಿಕ್ಸು ಕೊಡುತ್ತೆ.

ಅಂದ್ರೆ ಎತ್ತರ ಇದ್ರೆ ಟೈಮ್ ಇದೆ. ಎತ್ತರ ಇಲ್ಲದಾಗ ಏನಾಗುತ್ತೆ ಅನ್ನೋದೇ ನೀವು ಕೇಳಿದ ನ್ಯೂಯಾರ್ಕ್ ಕಥೆ.

2009ರ ಜನವರಿ 15, ಯುಎಸ್ ಏರ್‌ವೇಸ್ 1549, ಎ320, ನ್ಯೂಯಾರ್ಕಿನ ಲಗಾರ್ಡಿಯಾ ಏರ್‌ಪೋರ್ಟಿಂದ ಎದ್ದು ಸುಮಾರು 2,800 ಅಡಿ ಏರಿತ್ತು, ಎದುರಿಗೆ ಕೆನಡಾ ಹೆಬ್ಬಾತುಗಳ ಹಿಂಡು. ಆ ಇಂಜಿನ್ನನ್ನ ಟೆಸ್ಟ್ ಮಾಡಿದ್ದ ದೊಡ್ಡ ಹಕ್ಕಿಯ ತೂಕ 4 ಪೌಂಡ್, ಈ ಹೆಬ್ಬಾತು ಒಂದೊಂದೂ ಅದರ ಎರಡರಷ್ಟು, ಎರಡೂ ಇಂಜಿನ್ ಒಳಗೆ ಹೋದ್ವು. ಹಾರಿಸ್ತಿದ್ದದ್ದು ಫಸ್ಟ್ ಆಫೀಸರ್ ಜೆಫ್ರಿ ಸ್ಕೈಲ್ಸ್, ಕ್ಯಾಪ್ಟನ್ ಚೆಸ್ಲಿ ಸಲ್ಲೆನ್‌ಬರ್ಗರ್ ಕಂಟ್ರೋಲ್ ತಗೊಂಡ್ರು, ಸ್ಕೈಲ್ಸ್ ಚೆಕ್‌ಲಿಸ್ಟ್ ಕೈಗೆತ್ತಿಕೊಂಡ್ರು. ಆ ಚೆಕ್‌ಲಿಸ್ಟ್ ಬರೆದಿದ್ದೇ ಮೇಲೆ ಎತ್ತರದಲ್ಲಿ ಇಂಜಿನ್ ನಿಂತ್ರೆ ಅಂತ, ಮೂರು ಪುಟ ಉದ್ದ, ಅವರಿಗೆ ಮುಗಿಸೋಕಾಗಿದ್ದು ಮೂರನೇ ಒಂದು ಭಾಗ. ಸಲ್ಲೆನ್‌ಬರ್ಗರ್ ಮಾಡಿದ ಒಂದು ಕೆಲಸ ನಂಗೆ ತುಂಬಾ ಇಷ್ಟ, ಬಾಲದಲ್ಲಿರೋ ಎಪಿಯು ಅನ್ನೋ ಸಣ್ಣ ಇಂಜಿನ್ನನ್ನ ಚೆಕ್‌ಲಿಸ್ಟ್ ಹೇಳೋ ಮುಂಚೇನೇ ತಾವಾಗೇ ಸ್ಟಾರ್ಟ್ ಮಾಡಿದ್ರು, ಅದರಿಂದ ಕರೆಂಟ್ ಉಳೀತು, ವಿಮಾನ ತೀರಾ ನಿಧಾನ ಆಗಿ ಬಿದ್ದುಹೋಗದಂತೆ ತಡೆಯೋ ಕಂಪ್ಯೂಟರ್‌ಗಳು ಕೊನೆವರೆಗೂ ಕೆಲಸ ಮಾಡಿದ್ವು.

ಎಟಿಸಿಯ ಪ್ಯಾಟ್ರಿಕ್ ಹಾರ್ಟೆನ್ ಲಗಾರ್ಡಿಯಾದ ರನ್‌ವೇ ಕೊಡ್ತೀನಿ ಅಂದ್ರು, ಆಗಲ್ಲ ಅಂತ ಉತ್ತರ ಬಂತು. ಪಕ್ಕದ ನ್ಯೂಜೆರ್ಸಿಯ ಟೆಟರ್‌ಬರೋ ಏರ್‌ಪೋರ್ಟ್ ಬಗ್ಗೆ ಕ್ಯಾಪ್ಟನ್ನೇ ಕೇಳಿದ್ರು, ರನ್‌ವೇ ಸಿಕ್ತು, ಒಂದು ಕ್ಷಣ ಯೋಚಿಸಿ ಅದೂ ಆಗಲ್ಲ ಅಂದ್ರು, ಹಡ್ಸನ್ ನದೀಲಿ ಇಳೀತೀವಿ ಅಂದಾಗ ಹಾರ್ಟೆನ್‌ಗೆ ಕಿವಿ ನಂಬೋಕಾಗದೆ ಇನ್ನೊಂದ್ಸಲ ಹೇಳಿ ಅಂತ ಕೇಳಿದ್ರು. ಹಕ್ಕಿ ಬಡಿದಾಗಿಂದ ನೀರು ಮುಟ್ಟೋವರೆಗೆ ಒಟ್ಟು ಸುಮಾರು ಮೂರೂವರೆ ನಿಮಿಷ. ಇನ್ನು ಯಾಕೆ ವಾಪಸ್ ಹೋಗ್ಲಿಲ್ಲ ಅಂದ್ರೆ, 2,800 ಅಡಿಯಿಂದ ನೇರ ಗೆರೇಲಿ ತೇಲಿದ್ರೆ ಹದಿಮೂರು ಕಿಲೋಮೀಟರ್ ಆಸುಪಾಸು ಸಿಗುತ್ತೆ, ಆದ್ರೆ ಅವರು ನೇರ ಹೋಗೋ ಹಾಗಿರಲಿಲ್ಲ, ತಿರುಗಿ ಬರ್ಬೇಕಿತ್ತು, ತಿರುವಲ್ಲಿ ಎತ್ತರ ಬೇಗ ಕರಗುತ್ತೆ. ಆಮೇಲೆ ತನಿಖೆ ಮಾಡಿದ ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಸಿಮ್ಯುಲೇಟರಲ್ಲಿ ಪೈಲಟ್‌ಗಳನ್ನ ಕೂರಿಸಿ ನೋಡಿತು, ಹಕ್ಕಿ ಬಡಿದ ಕ್ಷಣಾನೇ ತಿರುಗಿದವರಲ್ಲಿ ಕೆಲವರು ರನ್‌ವೇ ತಲುಪಿದ್ರು. ಇದನ್ನೇ ಹಿಡ್ಕೊಂಡು ಕೆಲವರು ಹೋಗಬಹುದಿತ್ತು ಅಂತ ವಾದ ಮಾಡ್ತಾರೆ. ಆದ್ರೆ ಆ ಪೈಲಟ್‌ಗಳಿಗೆ ಏನಾಗುತ್ತೆ ಅಂತ ಮುಂಚೇನೇ ಗೊತ್ತಿತ್ತು. ಏನಾಯ್ತು ಅಂತ ಅರ್ಥ ಮಾಡ್ಕೊಳ್ಳೋಕೆ ಮನುಷ್ಯರಿಗೆ ಬೇಕಾದ 35 ಸೆಕೆಂಡ್ ಸೇರಿಸಿ ನೋಡಿದಾಗ ವಿಮಾನ ರನ್‌ವೇ ಮುಟ್ಟದೇ ಬಿತ್ತು. ಅದೂ ಎಲ್ಲಿ, ಕಿಕ್ಕಿರಿದ ಮನೆಗಳ ಮೇಲೆ.

ಹಾಗಂತ ನೀರು ಒಳ್ಳೇ ಜಾಗ ಅಂತ ಅನ್ಕೋಬೇಡಿ. ಆ ವೇಗಕ್ಕೆ ನೀರು ಮೆತ್ತಗಿರಲ್ಲ. ಅವತ್ತು ಹಗಲಿತ್ತು, ನದಿ ಶಾಂತವಾಗಿತ್ತು, ಫೆರಿ ದೋಣಿಗಳು ಕೆಲವೇ ನಿಮಿಷದಲ್ಲಿ ಬಂದ್ವು, ಆದ್ರೂ ವಿಮಾನದ ಹಿಂಭಾಗ ಹರಿದು ಒಳಗೆ ನೀರು ನುಗ್ತು. 155 ಜನರೂ ಬದುಕಿದ್ದು ನಿಜ. 1996ರಲ್ಲಿ ಅಪಹರಣ ಆಗಿದ್ದ ಇಥಿಯೋಪಿಯನ್ ಬೋಯಿಂಗ್ 767 ಇಂಧನ ಮುಗಿದು ಕೊಮೊರೋಸ್ ಹತ್ರ ಸಮುದ್ರಕ್ಕೆ ಇಳಿದಾಗ ಛಿದ್ರ ಆಯ್ತು, 175 ಜನರಲ್ಲಿ 125 ಜನ ಹೋದ್ರು, ಲೈಫ್ ಜಾಕೆಟ್ ಒಳಗೇ ಊದಿಕೊಂಡವರು ನೀರಿನ ಜೊತೆ ಮೇಲೆ ತೇಲಿ ಬಾಗಿಲಿಗೆ ಬರೋಕಾಗದೆ ಸಿಕ್ಕಿಹಾಕ್ಕೊಂಡ್ರು. ಹೊರಗೆ ಬಂದ ಮೇಲೇ ಊದಿ ಅಂತ ಪ್ರತಿ ಫ್ಲೈಟಲ್ಲಿ ಹೇಳೋದು ಅದಕ್ಕೇ. ಸಮತಟ್ಟಾದ ಹೊಲ ಸಿಕ್ರೆ ಅದೂ ಪರವಾಗಿಲ್ಲ, 2019ರಲ್ಲಿ ಮಾಸ್ಕೋ ಹತ್ರ ಉರಲ್ ಏರ್‌ಲೈನ್ಸ್ ಎ321ಗೆ ಗಲ್ ಹಕ್ಕಿಗಳು ಬಡಿದಾಗ ಪೈಲಟ್ ಗೇರ್ ಕೂಡ ಇಳಿಸದೇ ಜೋಳದ ಹೊಲಕ್ಕೆ ಹೊಟ್ಟೆ ಮೇಲೆ ಇಳಿಸಿದ್ರು, 233 ಜನರೂ ಉಳಿದ್ರು.

ಹೈವೇ? ಯಮುನಾ ಎಕ್ಸ್‌ಪ್ರೆಸ್‌ವೇ ಮೇಲೆ 2015ರಲ್ಲಿ ವಾಯುಸೇನೆಯ ಮಿರಾಜ್ ಇಳೀತು ಅಂತ ಎಲ್ಲರೂ ಕೇಳ್ತಾರೆ. ಅದು ಮುಂಚೇನೇ ರಸ್ತೆ ಖಾಲಿ ಮಾಡಿಸಿ ಮಾಡಿದ್ದು, ಮಿರಾಜ್ ರೆಕ್ಕೆ ಅಗಲ 9 ಮೀಟರ್ ಆಸುಪಾಸು. ಎ320ದು ಸುಮಾರು 35 ಮೀಟರ್, ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಬರುತ್ತೆ, ಲೈಟ್ ಕಂಬ, ಬೋರ್ಡು, ಮೇಲ್ಸೇತುವೆ, ಲಾರಿ. ಬೇರೆ ದಾರೀನೇ ಇಲ್ಲ ಅನ್ನೋವಾಗಷ್ಟೇ ಯೋಚಿಸೋ ಮಾತು.

ಇನ್ನೊಂದು, ಯಾರೂ ಕೇಳದೇ ಇರೋ ವಿಷಯ. ತೀರಾ ಹತ್ತಿರ ಇರೋ ರನ್‌ವೇನೇ ಒಳ್ಳೇ ರನ್‌ವೇ ಅಂತೇನಿಲ್ಲ. ಕರಾವಳಿ ಮೇಲೆ ಹಾರ್ತಿರೋವಾಗ ಒಂದು ಇಂಜಿನ್ ಹೋಗಿ ಕೆಳಗೆ ಮಂಗಳೂರು ಕಂಡ್ರೂ, ಜುಲೈ ತಿಂಗಳ ಮಳೇಲಿ ಕ್ಯಾಪ್ಟನ್ ಕೊಚ್ಚಿಗೋ ಬೆಂಗಳೂರಿಗೋ ಹೋಗಬಹುದು. ಮಂಗಳೂರಿನದು 2,450 ಮೀಟರ್, ಟೇಬಲ್‌ಟಾಪ್, ಎರಡೂ ತುದಿ ಇಳಿಜಾರು, 2010ರ ಮೇ 22ರಂದು ಅಲ್ಲಿ ಆದ ವಿಮಾನ ಅಪಘಾತ ನಮಗೆ ಯಾರಿಗೂ ಮರೆತಿಲ್ಲ. ಬೆಂಗಳೂರಲ್ಲಿ ಎರಡು ರನ್‌ವೇ, ಒಂದೊಂದೂ 4 ಕಿಲೋಮೀಟರ್. ಒಂದು ಇಂಜಿನ್ ಚೆನ್ನಾಗಿರೋವಾಗ ಹತ್ತೋ ಹದಿನೈದೋ ನಿಮಿಷ ಜಾಸ್ತಿ ಹಾರಿ ಉದ್ದ ರನ್‌ವೇ ತಗೊಳ್ಳೋದು ಹೇಡಿತನ ಅಲ್ಲ. ಬೆಂಕಿ ಆರ್ತಿಲ್ಲ ಅಂದ್ರೆ ಮಾತ್ರ ಮಂಗಳೂರೇ ಸರಿ, ಯೋಚ್ನೇನೇ ಮಾಡ್ಬಾರ್ದು.

ಅಹಮದಾಬಾದ್ ಬಗ್ಗೆ. 2025ರ ಜೂನ್ 12ರ ಆ ಅಪಘಾತದ ಪ್ರಾಥಮಿಕ ವರದೀಲಿ ಇರೋದು ಇಷ್ಟು: ಟೇಕಾಫ್ ಆದ ಕೂಡ್ಲೇ ಎರಡೂ ಇಂಜಿನ್‌ಗಳ ಫ್ಯೂಯಲ್ ಸ್ವಿಚ್ ಸುಮಾರು ಒಂದು ಸೆಕೆಂಡ್ ಅಂತರದಲ್ಲಿ ಕಟ್‌ಆಫ್‌ಗೆ (ಇಂಧನ ಬಂದ್ ಮಾಡೋ ಸ್ಥಾನ) ಹೋದ್ವು, ಹತ್ತು ಸೆಕೆಂಡ್ ಆದ ಮೇಲೆ ಮೊದಲನೇದು, ಅದಾಗಿ ನಾಲ್ಕು ಸೆಕೆಂಡಿಗೆ ಎರಡನೇದು ಮತ್ತೆ ರನ್‌ಗೆ (ಇಂಧನ ಬಿಡೋ ಸ್ಥಾನ) ಬಂದ್ವು, ಒಂದು ಇಂಜಿನ್ ಚೇತರಿಸ್ಕೊಳ್ಳೋಕೆ ಶುರುವಾಗಿತ್ತು, ಅಷ್ಟರಲ್ಲಿ ರೆಕಾರ್ಡಿಂಗ್ ಮುಗೀತು. ಕಟ್ ಆದಾಗಿಂದ ಕೊನೆವರೆಗೆ ಅರ್ಧ ನಿಮಿಷಾನೂ ಇಲ್ಲ. ಕಾರಣದ ಬಗ್ಗೆ ವಾಟ್ಸಾಪಲ್ಲಿ ಬರೋದಕ್ಕೆಲ್ಲ ನಾನು ಹೋಗಲ್ಲ. ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟಿದ್ದು ಏನಂದ್ರೆ, ಜೆಟ್ ಇಂಜಿನ್ ಮತ್ತೆ ಹತ್ತಿಕೊಂಡು ಪೂರ್ತಿ ಶಕ್ತಿಗೆ ಬರೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು, ಆ ಎತ್ತರದಲ್ಲಿ ಎಲ್ಲಿ ಇಳಿಸ್ಲಿ ಅಂತ ಆರಿಸ್ಕೊಳ್ಳೋಕೆ ಪೈಲಟ್ ಹತ್ರ ಏನೂ ಇರಲಿಲ್ಲ. ನಿಮಗೆ ಆಗಿದ್ದು ಬೇರೇನೇ ಜಾತಿಯ ತೊಂದರೆ.

ಕ್ಯಾಪ್ಟನ್ ಒಂದೇ ಮಾತು ಹೇಳಿ ಸುಮ್ಮನಾದ್ರು ಅಂತ ಬೇಜಾರು ಮಾಡ್ಕೊಂಡಿದ್ದೀರ, ಅದರಲ್ಲಿ ಸ್ವಲ್ಪ ನ್ಯಾಯ ಇದೆ. ನಮಗೆ ಕಲಿಸೋ ಕ್ರಮ ಮೊದಲು ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು ಅಂತ, ಮಾತಲ್ಲೂ ಎಟಿಸಿ ಮೊದಲು, ಕ್ಯಾಬಿನ್ ಸಿಬ್ಬಂದಿ ಆಮೇಲೆ, ಪ್ರಯಾಣಿಕರು ಕೊನೆಗೆ. ಆದ್ರೆ ಚೆಕ್‌ಲಿಸ್ಟ್ ಎಲ್ಲ ಮುಗಿದು ಸುತ್ತು ಹೊಡೆಯೋವಾಗ ಒಂದು ಇಂಜಿನ್ ನಿಲ್ಲಿಸಿದ್ದೀವಿ, ಇನ್ನೊಂದು ಚೆನ್ನಾಗಿದೆ, ತಯಾರಿಗೆ ಇಷ್ಟು ಹೊತ್ತು ಬೇಕು ಅಂತ ಎರಡು ವಾಕ್ಯ ಹೇಳೋಕೆ ಟೈಮ್ ಸಿಗುತ್ತೆ, ಹೇಳ್ಬೇಕಿತ್ತು. ನಿಮ್ಮ ಅತ್ತೆಯವರಿಗೆ ಆ ಮುಕ್ಕಾಲು ಗಂಟೆ ಅಷ್ಟು ಉದ್ದ ಅನ್ನಿಸ್ತಿರಲಿಲ್ಲ. ಇದನ್ನ ಏರ್‌ಲೈನ್‌ಗೆ ಬರೆದು ತಿಳಿಸಿ, ನಾನು ಟ್ರೈನಿಂಗಲ್ಲಿದ್ದಾಗ ಇಂಥ ಪತ್ರಗಳನ್ನ ನಾವು ಕ್ಲಾಸಲ್ಲಿ ಓದ್ತಿದ್ವಿ.